ನೆಲ ಡೊಂಕಲ್ಲ, ಕ್ವೆರಿ ಡೊಂಕು

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಆಫೀಸಿಗೆ ಬೇಕಾದರೂ ಹೋಗಿ, ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ: "ಡೇಟಾಬೇಸ್ ಸ್ಲೋ ಇದೆ." ಪೇಜು ತೆರೆಯೋಕೆ ಹನ್ನೆರಡು ಸೆಕೆಂಡು ಆಯ್ತಾ? ಡೇಟಾಬೇಸ್ ಸ್ಲೋ. ತಿಂಗಳ ಕೊನೆಯ ರಿಪೋರ್ಟು ರಾತ್ರಿಯಿಡೀ ಓಡಿ ಬೆಳಿಗ್ಗೆ ಅರ್ಧಕ್ಕೇ ನಿಂತಿತಾ? ಡೇಟಾಬೇಸ್ ಸ್ಲೋ. ಪರಿಹಾರವೂ ರೆಡಿ: ಕ್ಲೌಡ್‌ನಲ್ಲಿ ಇನ್ನೂ ದೊಡ್ಡ ಮಷೀನು ತಗೊಳ್ಳಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮವರು ಅಷ್ಟಕ್ಕೇ ಬಿಡಲ್ಲ, ಹೊಸ ನೆಲಕ್ಕೆ ತಿಂಗಳ ಬಾಡಿಗೆಯನ್ನೂ ಕಟ್ಟುತ್ತಾರೆ.

ನೇರವಾಗಿ ಹೇಳಿಬಿಡ್ತೀನಿ. ಬಹಳಷ್ಟು ಸಲ ಡೊಂಕಿರೋದು ನೆಲ ಅಲ್ಲ, ನಾವು ಕೇಳೋ ಪ್ರಶ್ನೆ. ಒಂದೇ ಸಲಕ್ಕೆ ಕೇಳಬಹುದಾದ್ದನ್ನ ಸಾಲು ಸಾಲಾಗಿ ಕೇಳೋ ಚಟ ನಮಗೆ. ಕಾಲೇಜಿನಲ್ಲಿ ಮೊದಲ ದಿನ ಕಲಿತ ಫಾರ್ ಲೂಪ್ ತಲೆಯಿಂದ ಇಳಿದೇ ಇಲ್ಲ.

1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ರಿಲೇಷನಲ್ ಮಾದರಿಯ ಬಗ್ಗೆ ಪ್ರಬಂಧ ಪ್ರಕಟಿಸಿದಾಗ ಹೇಳಿದ್ದೇ ಇದು: ಡೇಟಾ ಒಳಗೆ ಎಲ್ಲಿ, ಯಾವ ಕ್ರಮದಲ್ಲಿ ಕೂತಿದೆ ಅನ್ನೋ ತಲೆನೋವು ಬಳಸೋವರಿಗೆ ಇರಬಾರದು. 1974ರಲ್ಲಿ ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 'ಸೀಕ್ವೆಲ್' ಭಾಷೆಯನ್ನ ಮುಂದಿಟ್ಟರು. ಇವತ್ತಿನ ಎಸ್‌ಕ್ಯೂಎಲ್‌ನ ಮೂಲ ಅದೇ. ಪ್ರೋಗ್ರಾಮರ್ ಅಲ್ಲದವರೂ ಅದನ್ನ ಕಲಿತು ಬಳಸಲಿ ಅನ್ನೋದು ಅವರ ಆಸೆಯಾಗಿತ್ತು. ಏನು ಬೇಕು ಅಂತ ಹೇಳು, ಹೇಗೆ ತರಬೇಕು ಅನ್ನೋದನ್ನ ನನಗೆ ಬಿಡು – ಆ ಭಾಷೆಯ ಒಪ್ಪಂದ ಇಷ್ಟೇ. ನಾವು ಆ ಒಪ್ಪಂದವನ್ನ ದಿನಾ ಮುರೀತೀವಿ.

ಹೇಗೆ ಅಂತೀರಾ? ನೂರು ಆರ್ಡರ್‌ಗಳ ಪಟ್ಟಿ, ಪ್ರತಿಯೊಂದರ ಮುಂದೆ ಗ್ರಾಹಕರ ಹೆಸರು ಬೇಕು. ಒಂದು ಜಾಯಿನ್ ಸಾಕು. ಆದರೆ ಕೋಡು ಮೊದಲು ಪಟ್ಟಿ ತರುತ್ತೆ, ಆಮೇಲೆ ಒಂದೊಂದು ಹೆಸರಿಗೂ ಹೋಗಿ ಬರುತ್ತೆ. ಒಟ್ಟು 101 ಕ್ವೆರಿ. ದಿನಸಿ ಅಂಗಡಿಗೆ ಚೀಟಿ ಹಿಡಿದು ಹೋಗೋ ಬದಲು ಸಾಸಿವೆಗೊಂದು ಸಲ, ಜೀರಿಗೆಗೊಂದು ಸಲ ಓಡಿದ ಹಾಗೆ. ಆಮೇಲೆ ಅಂಗಡಿಯವನು ನಿಧಾನ ಅಂತ ಬೈಯೋದು!

ಇದಾದರೂ ಕೋಡಿನಲ್ಲಿ ಹುಡುಕಿದರೆ ಕಾಣುತ್ತೆ. ಇನ್ನೂ ಅಪಾಯದ್ದು ಡೇಟಾಬೇಸ್ ಒಳಗೇ ಬರೆಯೋ ಫಂಕ್ಷನ್ನು. 'ಗ್ರಾಹಕರ ಬಾಕಿ' ಅಂತ ಚೆಂದದ ಹೆಸರು, ಒಳಗೊಂದು ಸೆಲೆಕ್ಟ್. ಹತ್ತು ಲಕ್ಷ ಗ್ರಾಹಕರ ಟೇಬಲ್ ಮೇಲೆ ಅದನ್ನ ಕರೆದರೆ ಆ ಸೆಲೆಕ್ಟ್ ಹತ್ತು ಲಕ್ಷ ಸಲ ಓಡಬಹುದು. ನೋಡೋಕೆ ಒಂದೇ ಸಾಲು, ಒಳಗೆ ದೊಡ್ಡ ಲೂಪು. ಎಸ್‌ಕ್ಯೂಎಲ್ ಸರ್ವರ್‌ನಲ್ಲಂತೂ ಇಂಥ ಸ್ಕೇಲಾರ್ ಫಂಕ್ಷನ್ ಇದ್ದರೆ ಇಡೀ ಕ್ವೆರಿ ಸಮಾನಾಂತರವಾಗಿ ಓಡೋದೇ ನಿಂತುಹೋಗ್ತಿತ್ತು. 2019ರ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್‌ನವರು ಇಂಥ ಕೆಲವು ಫಂಕ್ಷನ್‌ಗಳನ್ನ ಬಿಚ್ಚಿ ಕ್ವೆರಿಯೊಳಗೇ ಸೇರಿಸೋ ವ್ಯವಸ್ಥೆ ತಂದರು. ಎಲ್ಲ ಫಂಕ್ಷನ್‌ಗೂ ಅದು ಅನ್ವಯಿಸಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ನೀವು ಏನೂ ಹೇಳದಿದ್ದರೆ ಫಂಕ್ಷನ್ನು 'ವೊಲಟೈಲ್', ಅಂದರೆ ಪ್ರತಿ ಸಲ ಬೇರೆ ಉತ್ತರ ಕೊಡಬಹುದು ಅಂತ ಅದು ಲೆಕ್ಕ ಹಾಕುತ್ತೆ. ಹಾಗಿರೋ ಫಂಕ್ಷನ್ನಿನ ಉತ್ತರ ಹಿಡಿದು ಇಂಡೆಕ್ಸ್‌ನಲ್ಲಿ ಹುಡುಕೋಕೂ ಅದು ಒಪ್ಪಲ್ಲ. 'ಸ್ಟೇಬಲ್' ಅನ್ನೋ ಒಂದು ಪದ ಸೇರಿಸಬಹುದಿತ್ತು. ಎಷ್ಟು ಜನ ಸೇರಿಸ್ತಾರೆ?

ರೆಡಿಮೇಡ್ ಫಂಕ್ಷನ್‌ಗಳ ಕಥೆಯೂ ಅಷ್ಟೇ. 2024ರ ಆರ್ಡರ್‌ಗಳು ಬೇಕು ಅಂತ ವೇರ್ ಭಾಗದಲ್ಲಿ ತಾರೀಖಿನ ಕಾಲಂಗೆ 'ಇಯರ್' ಫಂಕ್ಷನ್ ಸುತ್ತಿಬಿಡ್ತಾರೆ. ತಾರೀಖಿನ ಮೇಲೆ ಇರೋ ಮಾಮೂಲಿ ಇಂಡೆಕ್ಸ್ ಅಲ್ಲಿಗೆ ನಿರುಪಯೋಗಿ. ಪ್ರತಿ ಸಾಲನ್ನೂ ತೆಗೆದು, ವರ್ಷ ಲೆಕ್ಕ ಹಾಕಿ ನೋಡಬೇಕು. 2024ರ ಜನವರಿ 1ರಿಂದ ಶುರು, 2025ರ ಜನವರಿ 1ಕ್ಕಿಂತ ಮೊದಲು ಅಂತ ಬರೆದು ನೋಡಿ. ಉತ್ತರ ಅದೇ, ಇಂಡೆಕ್ಸೂ ಕೆಲಸಕ್ಕೆ ಬರುತ್ತೆ.

"ಸಾರ್, ಒಂದೇ ಕೋಡನ್ನ ಹತ್ತು ಕಡೆ ಬರೀಬೇಡಿ ಅಂತ ಹೇಳಿಕೊಟ್ಟೋರು ನೀವೇ ಅಲ್ವಾ?" ಅಂತ ಜೂನಿಯರ್‌ಗಳು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಫಂಕ್ಷನ್ ಪಾಪ ಅಂತ ನಾನು ಹೇಳ್ತಿಲ್ಲ. ಪಿನ್‌ಕೋಡಿನಲ್ಲಿ ಆರು ಅಂಕಿ ಇದೆಯಾ ಅಂತ ನೋಡೋಕೆ ಧಾರಾಳವಾಗಿ ಬರೀರಿ. ಆದರೆ ಬೇರೆ ಟೇಬಲ್ ಮುಟ್ಟೋ ಕೆಲಸವಾದರೆ ವ್ಯೂ ಇದೆ, ಜಾಯಿನ್ ಇದೆ. ಮರುಬಳಕೆಯೂ ಆಗುತ್ತೆ, ಹತ್ತು ಲಕ್ಷ ಸಲ ಓಡೋದೂ ತಪ್ಪುತ್ತೆ.

ಇನ್ನು ಕೆಲವರದ್ದು ಬೇರೆ ರಾಗ: "ಎಸ್‌ಕ್ಯೂಎಲ್ ಯಾಕೆ ಕಲೀಬೇಕು, ಓಆರ್‌ಎಂ ಇದೆ, ಈಗ ಎಐ ಬೇರೆ ಇದೆ." ಬರೆಯೋರು ಯಾರಾದರೂ ಆಗಲಿ ಮಾರಾಯ್ರೆ, ಬರೆದದ್ದು ಸರಿ ಇದೆಯಾ ಅಂತ ನೋಡೋರು ಬೇಡವಾ? 'ನಾಟ್ ಇನ್' ಪಟ್ಟಿಯೊಳಗೆ ಒಂದೇ ಒಂದು ನಲ್ ಸೇರಿಕೊಂಡರೆ ಒಂದು ಸಾಲೂ ವಾಪಸ್ ಬರಲ್ಲ, ಎರರ್ ಕೂಡ ಬರಲ್ಲ. ಬಾಕಿದಾರರೇ ಇಲ್ಲ ಅಂತ ರಿಪೋರ್ಟು ನಗುನಗುತ್ತಾ ಹೇಳುತ್ತೆ. ಇಂಟರ್‌ವ್ಯೂನಲ್ಲಿ ಬೈನರಿ ಟ್ರೀ ತಿರುಗಿಸಿ ಅಂತ ಕೇಳ್ತೀರಲ್ಲ, ಇದನ್ನ ಯಾಕೆ ಕೇಳಲ್ಲ?

ಕೆಲಸ ದೊಡ್ಡದೇನಲ್ಲ. ರಿವ್ಯೂಗೆ ಬಂದ ಪ್ರತಿ ಕ್ವೆರಿಯ ಜೊತೆ ಎಕ್ಸ್‌ಪ್ಲೇನ್ ಫಲಿತಾಂಶ ಕೇಳಿ. ಹತ್ತು ಸಾಲಿನ ಟೆಸ್ಟ್ ಡೇಟಾ ಮೇಲೆ ಬೇಡ, ನಿಜವಾದ ಗಾತ್ರದ ಡೇಟಾ ಮೇಲೆ. ಹತ್ತು ಸಾಲಿನ ಮೇಲೆ ಎಂಥ ಕೆಟ್ಟ ಕ್ವೆರಿಯೂ ಚಿಗರೆಯ ಹಾಗೆ ಓಡುತ್ತೆ. ಫಂಕ್ಷನ್ ಕಂಡ ಕೂಡಲೇ ಒಂದು ಪ್ರಶ್ನೆ ಹಾಕಿ: ಇದು ಎಷ್ಟು ಸಲ ಓಡುತ್ತೆ? ಉತ್ತರ ಗೊತ್ತಿಲ್ಲದಿದ್ದರೆ ಅಪ್ರೂವ್ ಮಾಡಬೇಡಿ.

ಯಾಕಿಷ್ಟು ಹಟ ಅಂದರೆ, ನಾವು ಎಸಿ ರೂಮಿನಲ್ಲಿ ಕೂತು ಬರೆದ ಆ ಒಂದು ಸಾಲು ಯಾವುದೋ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಓಡ್ತಿರುತ್ತೆ. ಅಲ್ಲಿ ಚಕ್ರ ತಿರುಗುತ್ತಾ ಇರುವಾಗ ಕ್ಯೂನಲ್ಲಿ ನಿಂತಿರೋದು ಡಿಸ್ಚಾರ್ಜಿಗೆ ಕಾಯ್ತಿರೋ ಮನೆಯವರು. ಅವರ ಹತ್ತಿರ 'ಸರ್ವರ್ ಸ್ಲೋ ಇದೆ' ಅಂತ ಹೇಳಿ ಬೈಗುಳ ತಿನ್ನೋದು ಕೌಂಟರಿನ ಹುಡುಗಿ. ಕ್ವೆರಿ ಬರೆದವರು ಅಷ್ಟು ಹೊತ್ತಿಗೆ ಮುಂದಿನ ಸ್ಪ್ರಿಂಟ್‌ನಲ್ಲಿರ್ತಾರೆ.