ಎರಡನೆಯ ತೊಟ್ಟಿ, ಅದೇ ಸಂಪ್

ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸದಲ್ಲಿ ಜೀವಂತ ಕಲಿಕೋಪಕರಣ ಬಳಸಬೇಕೆಂದು ನಾವು ಬೋಧಕರು ಹೇಳುತ್ತಲೇ ಇರುತ್ತೇವೆ. ಅವುಗಳಲ್ಲಿ ಮೀನಿನ ತೊಟ್ಟಿ ಎಲ್ಲರಿಗೂ ಪ್ರಿಯ. ಪಾಠ ವೀಕ್ಷಣೆಗೆಂದು ದಾವಣಗೆರೆ, ಹರಿಹರದ ಶಾಲೆಗಳಿಗೆ ಹೋಗುವ ನನಗೆ ಅಪರೂಪಕ್ಕೆ ಉಪ್ಪುನೀರಿನ ತೊಟ್ಟಿಯೂ ಕಾಣಸಿಗುತ್ತದೆ. ಅಂಥ ಶಾಲೆಗೆ ನಿಯೋಜಿತರಾದ ಪ್ರಶಿಕ್ಷಣಾರ್ಥಿಗಳು ಕೇಳುವ ಪ್ರಶ್ನೆ ಒಂದೇ: "ಸರ್, ಪಾಠಕ್ಕೆ ಇನ್ನೊಂದು ತೊಟ್ಟಿ ಇಟ್ಟು ಇರುವ ಫಿಲ್ಟರಿಗೇ ಜೋಡಿಸಬಹುದೆ?"

ಜೋಡಿಸಬಹುದು, ಬೇರೆಯಾಗಿ ಇಡುವುದಕ್ಕಿಂತ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ. ಆದರೆ ಜೋಡಣೆಯನ್ನೇ ಪಾಠವನ್ನಾಗಿ ಮಾಡಬೇಕು. ಲೆಕ್ಕ ಮುಗಿಯುವವರೆಗೆ ಒಂದು ಮೀನನ್ನೂ ಬಿಡಬಾರದು.

ಮೊದಲ ಕಾರಣ ಸಮಯ. ಮೀನಿನ ತ್ಯಾಜ್ಯದಿಂದ ಅಮೋನಿಯ ಹುಟ್ಟುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನಮ್ಮ ಎರಡು ವರ್ಷದ ಬಿ.ಇಡಿ.ಯಲ್ಲಿ ಮೊದಲ ವರ್ಷದ ಶಾಲಾ ಅವಧಿ ಇರುವುದೇ 4 ವಾರ. ಪಾಠದ ದಿನ ಚೆಂದ ಕಾಣಲೆಂದು ಹೊಸ ನೀರಿಗೆ ಮೀನು ಬಿಟ್ಟರೆ, ವಾರದೊಳಗೆ ಮಕ್ಕಳು ಸತ್ತ ಮೀನನ್ನು ನೋಡಬೇಕಾಗಬಹುದು. ಪಳಗಿದ ಫಿಲ್ಟರಿಗೆ ಜೋಡಿಸಿದರೆ ಬ್ಯಾಕ್ಟೀರಿಯಗಳು ಆಗಲೇ ಅಲ್ಲಿರುತ್ತವೆ. ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠದಲ್ಲಿ ಬರುವ ನೈಟ್ರೋಜನ್ ಚಕ್ರವನ್ನು ಚಾರ್ಟಿನಲ್ಲಿ ತೋರಿಸುವ ಬದಲು ಪರೀಕ್ಷಾ ಕಿಟ್ಟಿನ ಬಣ್ಣದಲ್ಲಿ ತೋರಿಸಬಹುದು.

ಎರಡನೆಯ ಕಾರಣ, ಈ ವ್ಯವಸ್ಥೆ ಮಕ್ಕಳಿಗೆ ಹೊಸದಲ್ಲ. ಮನೆಯ ಸಂಪ್, ಮೇಲಿನ ಟ್ಯಾಂಕು, ನಡುವೆ ಪಂಪು; ಇಲ್ಲಿಯೂ ಅಷ್ಟೆ. ಎರಡೂ ತೊಟ್ಟಿಗಳ ನೀರು ತುಂಬಿ ಹರಿದು ಕೆಳಗಿನ ಸಂಪಿಗೆ ಬೀಳುತ್ತದೆ, ಫಿಲ್ಟರ್ ದಾಟುತ್ತದೆ, ಪಂಪು ಅದನ್ನು ಮೇಲೆ ಕಳಿಸುತ್ತದೆ. ನೀರು ಆವಿಯಾದಾಗ ಮಟ್ಟ ಇಳಿಯುವುದು ಸಂಪಿನಲ್ಲಿ ಮಾತ್ರ. ಏಕೆ? ಅದನ್ನು ತುಂಬಿಸಲು ಉಪ್ಪುನೀರು ಹಾಕಬೇಕೋ ಸಿಹಿನೀರೋ? ಆವಿಯಾಗುವುದು ನೀರೇ ಹೊರತು ಉಪ್ಪಲ್ಲ ಎಂಬ ಉತ್ತರವನ್ನು ಮಕ್ಕಳೇ ಕಂಡುಕೊಳ್ಳಲಿ. ಒಂದು ಅವಧಿಯ ಚರ್ಚೆಗೆ ಈ ಎರಡು ಪ್ರಶ್ನೆ ಸಾಕು.

ಜೋಡಿಸುವ ಮೊದಲು ಪಾಠ ಯೋಜನೆಯಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿರಬೇಕು.

ಕರೆಂಟ್ ಹೋದರೆ ಏನಾಗುತ್ತದೆ? ಪಂಪು ನಿಂತೊಡನೆ ಮೇಲಿನ ನೀರಿನ ಒಂದು ಪಾಲು ಸಂಪಿಗೆ ಇಳಿಯುತ್ತದೆ. ತೊಟ್ಟಿ 90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ ಇದ್ದು ಮಟ್ಟ 3 ಸೆಂ.ಮೀ. ಇಳಿದರೆ 10.8 ಲೀಟರ್, ಅಂಥ ಎರಡು ತೊಟ್ಟಿಗೆ 21.6 ಲೀಟರ್. ಪಂಪಿನ ಕೊಳವೆಯ ಬಾಯಿ 15 ಸೆಂ.ಮೀ. ಆಳದಲ್ಲಿ ಮುಳುಗಿದ್ದರೆ ಅದು ಸೈಫನ್ ಆಗಿ ಒಂದೊಂದು ತೊಟ್ಟಿಯಿಂದಲೂ 54 ಲೀಟರ್ ಇಳಿಸೀತು. ಅಷ್ಟಕ್ಕೆ ಸಂಪಿನಲ್ಲಿ ಜಾಗವಿದೆಯೆ? ಕೊಳವೆಯ ಬಾಯಿಯನ್ನು ನೀರಿನ ಮಟ್ಟದ ಹತ್ತಿರವೇ ಇಟ್ಟರೆ ಈ ಅಪಾಯ ತಪ್ಪುತ್ತದೆ. ಘನಫಲದ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ನೀರು ಇಳಿಯುವ ದಾರಿ ಬೇರೆ ಬೇರೆ ಇದೆಯೆ? ಎರಡು ತೊಟ್ಟಿಗಳ ನಡುವೆ ಸೈಫನ್ ಕೊಳವೆ ಹಾಕಿ, ಒಂದೇ ದಾರಿಯಿಂದ ಇಳಿಸುವ ಸುಲಭದ ಉಪಾಯವನ್ನು ನಾನು ಒಪ್ಪುವುದಿಲ್ಲ. ಕೊಳವೆಯಲ್ಲಿ ಗಾಳಿ ಸೇರಿದರೆ ಸೈಫನ್ ನಿಲ್ಲುತ್ತದೆ. ಪಂಪು ಮಾತ್ರ ನಿಲ್ಲುವುದಿಲ್ಲ. ನೀರು ತರಗತಿಯ ನೆಲಕ್ಕೆ ಹರಿಯುತ್ತದೆ. ಪ್ರತಿ ತೊಟ್ಟಿಗೂ ಸ್ವಂತ ಇಳಿಕೊಳವೆ ಇರಲಿ.

ಫಿಲ್ಟರ್ ಎಷ್ಟು ಭಾರ ಹೊರುತ್ತದೆ? ಬ್ಯಾಕ್ಟೀರಿಯಗಳು ಇರುವುದು ಈಗಿನ ಮೀನುಗಳ ತ್ಯಾಜ್ಯಕ್ಕೆ ತಕ್ಕಷ್ಟು. ಒಮ್ಮೆಲೇ ಆರು ಮೀನು ಸೇರಿಸಿದರೆ ಅವು ಹೆಚ್ಚುವ ಮೊದಲೇ ಅಮೋನಿಯ ಏರುತ್ತದೆ. ಒಂದೊಂದಾಗಿ ಸೇರಿಸಿ, ಪ್ರತಿ ಸಲವೂ ಅಳೆದು, ಮಕ್ಕಳಿಂದಲೇ ನಕ್ಷೆ ಬರೆಸಬೇಕು.

ನೀರು ಹಂಚಿಕೊಂಡವರು ರೋಗವನ್ನೂ ಹಂಚಿಕೊಳ್ಳುತ್ತಾರೆ. ಇದನ್ನು ಹೇಳಲು ನಮ್ಮೂರ ನದಿಯೇ ಸಾಕು. ಕೂಡಲಿಯಲ್ಲಿ ಕೂಡಿದ ತುಂಗೆ, ಭದ್ರೆ ಹರಿಹರಕ್ಕೆ ಬರುತ್ತವೆ. ಹರಿಹರದ ಬಳಿಯ ರಾಜನಹಳ್ಳಿಯಿಂದ ಅದೇ ನೀರು ದಾವಣಗೆರೆಯ ನಲ್ಲಿಗೂ ಬರುತ್ತದೆ. ಮೇಲೆ ಬೆರೆತದ್ದು ಕೆಳಗಿನವರಿಗೂ ತಲುಪುತ್ತದೆ ಎಂಬುದು ಇಲ್ಲಿನ ಮಕ್ಕಳಿಗೆ ಗೊತ್ತು. ಒಂದು ತೊಟ್ಟಿಯ ಮೀನಿಗೆ ಬಿಳಿಚುಕ್ಕೆ ರೋಗ ತಗುಲಿದರೆ ಎರಡಕ್ಕೂ ತಗುಲಿತೆಂದೇ ಲೆಕ್ಕ. ತಾಮ್ರದ ಔಷಧಿ ಹಾಕಿದರೆ ಹವಳ, ಸೀಗಡಿ ಉಳಿಯುವುದಿಲ್ಲ. ಆದ್ದರಿಂದ ಹೊಸ ಮೀನನ್ನು ಕೆಲವು ವಾರ ಇರಿಸಲು ಯಾವುದಕ್ಕೂ ಜೋಡಿಸದ ಸಣ್ಣ ತೊಟ್ಟಿಯೊಂದು ಬೇಕೇ ಬೇಕು. ಅದಕ್ಕೆ ಜಾಗವಿಲ್ಲದ ಶಾಲೆಯಲ್ಲಿ ಎರಡನೆಯ ತೊಟ್ಟಿಯೂ ಬೇಡ.

ಕಡಲಿಲ್ಲದ ಊರಿನಲ್ಲಿ ಇದೆಲ್ಲ ಏಕೆ, ಸಿಹಿನೀರಿನ ಗಪ್ಪಿ ಸಾಲದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಉಪ್ಪುನೀರಿನ ತೊಟ್ಟಿ ಇಲ್ಲದ ಶಾಲೆಗೆ ಗಪ್ಪಿಯೇ ಸಾಕು; ಹೊಸದಾಗಿ ಆರಂಭಿಸಿ ಎಂದು ನಾನು ಹೇಳುತ್ತಿಲ್ಲ. ಲೀಟರಿಗೆ ಸುಮಾರು 35 ಗ್ರಾಂನಂತೆ 100 ಲೀಟರಿಗೆ ಮೂರೂವರೆ ಕಿಲೋ ಸಮುದ್ರ ಲವಣ ಬೇಕು, ಅಡುಗೆ ಉಪ್ಪು ನಡೆಯುವುದಿಲ್ಲ. ನಲ್ಲಿ ನೀರಿನ ಕ್ಲೋರಿನ್ ತೆಗೆಯಬೇಕು. ಖರ್ಚಿದೆ, ದುಡಿಮೆಯೂ ಇದೆ. ಆದರೆ ತೊಟ್ಟಿ ಈಗಾಗಲೇ ಇರುವಲ್ಲಿ ಅದು ಮುಖ್ಯೋಪಾಧ್ಯಾಯರ ಕೊಠಡಿಯ ಅಲಂಕಾರವಾಗಿಯೇ ಉಳಿಯಬಾರದು.

ಕೊನೆಯದಾಗಿ, ಮಾರ್ಗದರ್ಶಕರಾದ ನಮಗೆ ಒಂದು ಮಾತು. ಪ್ರಶಿಕ್ಷಣಾರ್ಥಿ ಅವಧಿ ಮುಗಿಸಿ ಹೊರಡುತ್ತಾರೆ. ಮೀನು ಅಲ್ಲಿಯೇ ಇರುತ್ತದೆ. ದಸರಾ ರಜೆಯಲ್ಲಿ ಆಹಾರ ಹಾಕುವವರು ಯಾರು, ಸಂಪಿಗೆ ನೀರು ತುಂಬುವವರು ಯಾರು? ನಮ್ಮ ವೀಕ್ಷಣಾ ನಮೂನೆಯಲ್ಲಿ ಪೀಠಿಕೆಗೆ, ಕಪ್ಪುಹಲಗೆ ಬಳಕೆಗೆ ಅಂಕಗಳಿವೆ, ಈ ಪ್ರಶ್ನೆಗೆ ಇಲ್ಲ. ಜೀವಂತ ಕಲಿಕೋಪಕರಣ ಬಳಸುವ ಪ್ರತಿ ಪಾಠಕ್ಕೂ "ಹಸ್ತಾಂತರ" ಎಂಬ ಒಂದು ಕಾಲಮ್ಮು ಸೇರಿಸೋಣ. ಶಾಲೆಯ ಶಿಕ್ಷಕರ ಒಪ್ಪಿಗೆಯ ಸಹಿ ಅದರಲ್ಲಿರಲಿ. ಸಹಿ ಇಲ್ಲದಿದ್ದರೆ ಜೋಡಣೆಗೆ ಅನುಮತಿ ಕೊಡದಿರೋಣ. ಮುಂದಿನ ಬೋಧನಾಭ್ಯಾಸದ ಪೂರ್ವಭಾವಿ ಸಭೆಯಲ್ಲಿ ಈ ಬಗ್ಗೆ ಚರ್ಚೆಯಾಗಲಿ.