ತಮಟೆ ಬೇಕು, ಬಡಿಯುವವರು ಬೇಡವೇ?

‘ಕಾಂತಾರ’ ಚಿತ್ರದಲ್ಲಿ ಬರುವ ಕರಾವಳಿಯ ದೈವವನ್ನು ಅನುಕರಿಸಬೇಡಿ ಎಂದು ಅದರ ನಿರ್ದೇಶಕ ರಿಷಬ್ ಶೆಟ್ಟಿ ಅವರೇ 2025ರಲ್ಲಿ ಪ್ರೇಕ್ಷಕರನ್ನು ಕೇಳಿಕೊಳ್ಳಬೇಕಾಯಿತು. ಅದೇ ವರ್ಷ ನವೆಂಬರಿನಲ್ಲಿ ಗೋವಾ ಚಿತ್ರೋತ್ಸವದ ವೇದಿಕೆಯಲ್ಲಿ ಆ ದೈವವನ್ನು ಅಣಕಿಸಿದಂತೆ ಅಭಿನಯಿಸಿದ ಹಿಂದಿ ನಟ ರಣವೀರ್ ಸಿಂಗ್ ಕ್ಷಮೆ ಕೇಳಿದರು. ಇದು ಕರಾವಳಿಯವರ ಜಗಳ ಎಂದು ಮೇಲೂರು, ಶಿಡ್ಲಘಟ್ಟ, ಚಿಂತಾಮಣಿ ಸೀಮೆಯ ನಾವು ಸುಮ್ಮನಿರುವಂತಿಲ್ಲ. ದೈವದ ಮೇಲೆ ಸಿನಿಮಾದವರ ಕಣ್ಣಿರುವಂತೆ ನಮ್ಮ ಕರಗ, ನಮ್ಮ ತಮಟೆಯ ಮೇಲೆ ಶಾಸ್ತ್ರೀಯ ನೃತ್ಯದವರ ಕಣ್ಣಿದೆ.

ಜನಪದ ಆಚರಣೆಯನ್ನು ವೇದಿಕೆಗೆ ತರುವ ವಿಚಾರದಲ್ಲಿ ಎರಡು ಮಾತು ಕೇಳಿಬರುತ್ತವೆ. ಕಲೆಗೆ ಬೇಲಿ ಹಾಕಬೇಡಿ ಎನ್ನುವುದು ಒಂದು. ಆಚರಣೆಯನ್ನು ಯಾರೂ ಮುಟ್ಟಲೇಬೇಡಿ ಎನ್ನುವುದು ಇನ್ನೊಂದು. ಎರಡೂ ಅರೆಬೆಂದ ವಾದಗಳು. ವ್ರತ ಬೇರೆ, ವಿದ್ಯೆ ಬೇರೆ ಎಂಬುದನ್ನು ಎರಡೂ ಕಡೆಯವರು ಮರೆತಿದ್ದಾರೆ.

ಕರಗ ವ್ರತ. ಅದನ್ನು ಹೊರುವವರು ದಿನಗಟ್ಟಲೆ ನೇಮದಲ್ಲಿದ್ದು, ಹೆಣ್ಣಿನ ಉಡುಗೆ ತೊಟ್ಟು, ಮಲ್ಲಿಗೆ ಮುಡಿಸಿದ ಕರಗವನ್ನು ಕೈಯಲ್ಲಿ ಹಿಡಿಯದೆ ತಲೆಯ ಮೇಲೆ ಹೊತ್ತು ಇರುಳಿಡೀ ಊರು ಸುತ್ತುತ್ತಾರೆ. ಸುತ್ತಲೂ ಕತ್ತಿ ಹಿಡಿದ ವೀರಕುಮಾರರು. ಅವರಿಗೆ ಅದು ಸಾಕ್ಷಾತ್ ದ್ರೌಪದಿ. ದ್ರೌಪದಿಯ ಕಥೆಯನ್ನು ನೃತ್ಯದವರು ಅಭಿನಯಿಸಲಿ, ಯಾರದೂ ತಕರಾರಿಲ್ಲ. ಆದರೆ ಹಗುರ ಕರಗವೊಂದನ್ನು ತಲೆಗೇರಿಸಿ, ಹತ್ತು ನಿಮಿಷ ಕುಣಿದು ಚಪ್ಪಾಳೆ ಗಿಟ್ಟಿಸುವುದು ಪ್ರಯೋಗವಲ್ಲ, ಉಡಾಫೆ.

ತಮಟೆಯ ಮಾತು ಬೇರೆ. ಅದು ವಿದ್ಯೆ, ಕಲಿಯಬಹುದು, ಕಲಿಸಬಹುದು. ಹುಲ್ಲು ಉರಿಸಿ ಚರ್ಮ ಕಾಯಿಸಿ, ನಾದ ಬಿಗಿಯಾಯಿತೇ ಎಂದು ಬೆರಳಲ್ಲಿ ತಟ್ಟಿ ನೋಡಿ, ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಸೀಳು ಹಿಡಿದು, ಬಡಿಯುತ್ತಲೇ ಕುಣಿಯುವ ವಿದ್ಯೆ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಈ ವಿದ್ಯೆಗೇ. ಆದರೂ ‘ಜನಪದ ಪ್ರೇರಿತ’ ಎಂಬ ಹಣೆಪಟ್ಟಿಯ ನೃತ್ಯಕ್ಕೆ ತಮಟೆಯ ಸದ್ದು ರೆಕಾರ್ಡಿಂಗಿನಿಂದ ಬರುತ್ತದೆ. ಮೃದಂಗದವರು ವೇದಿಕೆಯ ಪಕ್ಕದಲ್ಲಿ ಕೂರುತ್ತಾರೆ, ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರಿರುತ್ತದೆ. ತಮಟೆಯವರು ಎಲ್ಲಿ?

ಖರ್ಚು ಉಳಿಸಲು ಎಂಬ ಸಬೂಬು ಬೇಡ. ಇದರಲ್ಲಿ ಜಾತಿಯಿದೆ. ಸಾವಿನ ಮನೆಗೂ ಜಾತ್ರೆಗೂ ತಮಟೆ ಬೇಕು, ಬಡಿದವರು ಮಾತ್ರ ಹೊರಗೇ ನಿಲ್ಲಬೇಕು ಎಂಬುದು ಹಳೆಯ ಕಟ್ಟಳೆ. ಆ ಅವಮಾನಕ್ಕೆ ಬೇಸತ್ತು ಎಷ್ಟೋ ದಲಿತ ಯುವಕರು ತಮಟೆ ಕೆಳಗಿಟ್ಟರು. ಅವರು ಕೆಳಗಿಟ್ಟದ್ದನ್ನು ಸಭಾಂಗಣ ಈಗ ಎತ್ತಿಕೊಳ್ಳುತ್ತಿದೆ, ಅವರನ್ನು ಬಿಟ್ಟು. ಶಿಡ್ಲಘಟ್ಟದಲ್ಲಿ ತೆಗೆದ ರೇಷ್ಮೆ ನೂಲು ಬೇರೆ ಊರಿನ ಹೆಸರಿನ ಸೀರೆಯಾಗುವುದನ್ನು ಕಂಡ ನಮಗೆ ಈ ವ್ಯವಹಾರ ಅರ್ಥವಾಗದೇ ಇರುತ್ತದೆಯೇ?

ಭರತನಾಟ್ಯಕ್ಕೆ ಈ ದಾರಿ ಹೊಸದೂ ಅಲ್ಲ. ದೇವದಾಸಿಯರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಸದಿರ್ ನೃತ್ಯವೇ 1930ರ ದಶಕದಲ್ಲಿ ‘ಶುದ್ಧಿ’ಗೊಂಡು ಭರತನಾಟ್ಯವಾಗಿ ಮೇಲ್ಜಾತಿಯ ಅಂಗಳಕ್ಕೆ ಬಂತು, ನೃತ್ಯಗಾತಿ ರುಕ್ಮಿಣಿ ದೇವಿ 1936ರಲ್ಲಿ ಕಲಾಕ್ಷೇತ್ರ ಎಂಬ ನೃತ್ಯಶಾಲೆ ಕಟ್ಟಿದರು. ನೃತ್ಯಕ್ಕೆ ಮಾನ ಬಂತು. ದೇವದಾಸಿ ಪರಂಪರೆಯ ಬಾಲಸರಸ್ವತಿಯಂಥ ಕೆಲವರನ್ನು ಬಿಟ್ಟರೆ ಅದನ್ನು ಹೊತ್ತು ತಂದ ಹೆಂಗಸರು ಮರೆಗೆ ಸರಿದರು. ಅದೇ ತಪ್ಪು ತಮಟೆಯ ವಿಷಯದಲ್ಲಿ ಮರುಕಳಿಸಬಾರದು.

ಸರ್ಕಾರವೂ ಕೈತೊಳೆದುಕೊಳ್ಳುವಂತಿಲ್ಲ. ಸಂಗೀತ ನೃತ್ಯಕ್ಕೆ ಒಂದು ಅಕಾಡೆಮಿ, ಜಾನಪದಕ್ಕೆ ಇನ್ನೊಂದು. ಎರಡೂ ಸೇರಿ ಒಂದು ನಿಯಮ ಮಾಡಲಿ: ಜನಪದ ಪ್ರೇರಿತ ಎಂದು ಹೇಳಿಕೊಂಡು ಸರ್ಕಾರದ ದುಡ್ಡು ಪಡೆಯುವ ಕಾರ್ಯಕ್ರಮದಲ್ಲಿ ಆ ಕಲೆಯವರು ವೇದಿಕೆಯ ಮೇಲಿರಬೇಕು, ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರಿರಬೇಕು, ಮೃದಂಗದವರಿಗೆ ಕೊಟ್ಟಷ್ಟೇ ಸಂಭಾವನೆ ಕೊಡಬೇಕು. ಇಷ್ಟಕ್ಕೆ ಒಪ್ಪದವರು ತಮ್ಮ ನೃತ್ಯವನ್ನು ಧಾರಾಳವಾಗಿ ಮಾಡಿಕೊಳ್ಳಲಿ, ನಮ್ಮ ಜನಪದದ ಹೆಸರು ಹೇಳುವುದು ಬೇಡ.