ಸೂಕ್ಷ್ಮಕಣದ ಔಷಧವೂ ರೋಗಿಯ ಭಾಷೆಯೂ

ಗದಗ ಜಿಲ್ಲೆಯಿಂದ ಚಿಕಿತ್ಸೆಗೆಂದು ಮುಂಬಯಿಗೆ ಬಂದ ನನ್ನ ಅಕ್ಕ ಆರು ತಿಂಗಳು ನಮ್ಮ ಮನೆಯಲ್ಲಿದ್ದಳು. ಅಂಡಾಶಯದ ಕ್ಯಾನ್ಸರು ಮರುಕಳಿಸಿತ್ತು. ವೈದ್ಯರು ಬೇರೊಂದು ಔಷಧ ಬರೆದರು. ಇಂಗ್ಲಿಷಿನ ಒಪ್ಪಿಗೆ ಪತ್ರಕ್ಕೆ ಆಕೆ ಸಹಿ ಹಾಕಿದಳು. ‘ಇದು ಮೊದಲಿನ ಔಷಧಕ್ಕಿಂತ ಹ್ಯಾಂಗ ಬ್ಯಾರೆ, ತಮ್ಮಾ?’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಅದು ಡಾಕ್ಸೊರುಬಿಸಿನ್ ಎಂಬ ಹಳೆಯ ಔಷಧವೇ. ಆದರೆ ಸುಮಾರು ನೂರು ನ್ಯಾನೊಮೀಟರ್ ಗಾತ್ರದ ಕೊಬ್ಬಿನ ಗುಳ್ಳೆಗಳಲ್ಲಿ ತುಂಬಿದ್ದು. ನ್ಯಾನೊಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಗಡ್ಡೆಯ ರಕ್ತನಾಳಗಳ ಹೆಣಿಗೆ ಸಡಿಲ. ಗುಳ್ಳೆ ಅಲ್ಲಿ ಸೋರಿ ಒಳಸೇರುತ್ತದೆ. ಹೃದಯದ ನಾಳಗಳ ಹೆಣಿಗೆ ಬಿಗಿ. ಆದ್ದರಿಂದ ಹೃದಯಕ್ಕಾಗುವ ಹಾನಿ ತಗ್ಗುತ್ತದೆ. ಈ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1995ರಲ್ಲಿ. ಈಗ ಸ್ತನ ಕ್ಯಾನ್ಸರು ಮೊದಲು ಹರಡಬಹುದಾದ ದುಗ್ಧರಸ ಗ್ರಂಥಿಯನ್ನು ಗುರುತಿಸಲೂ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮಕಣಗಳು ಬಳಕೆಗೆ ಬಂದಿವೆ.

ಆದರೂ ಇದನ್ನು ರಾಮಬಾಣವೆನ್ನುವವರ ಮಾತನ್ನು ನಾನು ಒಪ್ಪಲಾರೆ. ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ಪ್ರಾಣಿಗಳಿಗೆ ಚುಚ್ಚಿದ ಸೂಕ್ಷ್ಮಕಣಗಳಲ್ಲಿ ಗಡ್ಡೆ ತಲುಪಿದ್ದು ಮಧ್ಯಮಾಂಕದ ಲೆಕ್ಕದಲ್ಲಿ ಶೇಕಡಾ 0.7 ಮಾತ್ರ. ಉಳಿದವು ದೇಹದ ಬೇರೆಡೆ ಹೋಗುತ್ತವೆ. ಅಕ್ಕನ ಔಷಧದ ಒಂದು ಪಾಲು ಅಂಗೈ ಅಂಗಾಲುಗಳ ಚರ್ಮಕ್ಕೂ ಇಳಿಯುವಂಥದು. ಅಲ್ಲಿ ಕೆಂಪಾಗಿ ಉರಿ ಹತ್ತಬಹುದು. ಬಿಸಿನೀರು, ತಿಕ್ಕಾಟ ಕೂಡದು. ಉರಿ ಕಂಡೊಡನೆ ಹೇಳಿದರೆ ವೈದ್ಯರು ಪ್ರಮಾಣ ಇಳಿಸಿಯೋ ದಿನ ಮುಂದೂಡಿಯೋ ಸರಿಪಡಿಸಬಲ್ಲರು.

ಇಷ್ಟೂ ಆಸ್ಪತ್ರೆ ಕೊಟ್ಟ ಹಾಳೆಯಲ್ಲಿತ್ತು, ಇಂಗ್ಲಿಷಿನಲ್ಲಿ. ಅಕ್ಕನೋ ತಮ್ಮನ ಮನೆಗೆ ಭಾರವಾಗಬಾರದೆಂದು ಬಿಸಿನೀರಿನಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಕೈ ಉರಿದದ್ದು ಮುಂಬಯಿಯ ಸೆಕೆಗೆ ಎಂದುಕೊಂಡಳು. ಚರ್ಮ ಸುಲಿದಾಗಲೇ ನಮಗೆ ಗೊತ್ತಾದದ್ದು. ಚಿಕಿತ್ಸೆ ಎರಡು ವಾರ ನಿಂತಿತು.

ತಪ್ಪೆಲ್ಲ ಆಸ್ಪತ್ರೆಯದೆನ್ನಲಾರೆ. ಹಿಂದಿ, ಮರಾಠಿಯಲ್ಲಿ ವಿವರಿಸುವವರು ಅಲ್ಲಿದ್ದರು. ಅಕ್ಕನಿಗೆ ಅವೆರಡೂ ಬಾರವು. ಎರಡು ಭಾಷೆಯನ್ನೂ ಬಲ್ಲ ನಾನು ಹಾಳೆಯನ್ನು ಮಡಚಿ ಕಡತಕ್ಕೆ ಸೇರಿಸಿದ್ದೆ. ಕನ್ನಡದ ಉಳಿವಿನ ಬಗ್ಗೆ ಇದೇ ಪುಟಗಳಲ್ಲಿ ಬರೆದವನೂ ನಾನೇ!

ಹೊರನಾಡಿನಲ್ಲಿ ಕನ್ನಡವೆಂದರೆ ನಮಗೆ ರಾಜ್ಯೋತ್ಸವ, ನಾಟಕ, ಸನ್ಮಾನ. ಅವು ಬೇಕು. ಆದರೆ ಊರಿನಿಂದ ಬಂದ ರೋಗಿಗೆ ತನ್ನ ದೇಹದೊಳಗೆ ಹೋಗುವುದೇನೆಂದು ತಿಳಿಸಲಾರದ ಕನ್ನಡಾಭಿಮಾನಕ್ಕೆ ಅರ್ಥವೇನು? ಔಷಧವೊಂದಕ್ಕೆ ಎರಡು ಪುಟದಂತೆ ತಿಳಿಗನ್ನಡದಲ್ಲಿ ಬರೆದು, ನಮ್ಮ ನಡುವಿನ ವೈದ್ಯರಿಂದ ತಿದ್ದಿಸಿ ಅಚ್ಚು ಹಾಕಿಸುವುದು ಸಂಘಕ್ಕೆ ಅಸಾಧ್ಯವಲ್ಲ. ಅದನ್ನು ಓದಿ ಹೇಳಲು ವಾರಕ್ಕೊಂದು ದಿನ ಕೊಡಬಲ್ಲ ನಿವೃತ್ತರೂ ನಮ್ಮಲ್ಲಿದ್ದಾರೆ.

ಮುಂದಿನ ಮಹಾಸಭೆಯಲ್ಲಿ ಈ ಸೂಚನೆಯನ್ನು ಮಂಡಿಸಲಿದ್ದೇನೆ. ಮೊದಲ ಹಾಳೆಯ ಕರಡು ಸಿದ್ಧವಾಗಿದೆ. ಅಂಗೈಯ ಉರಿಯಿಂದಲೇ ಅದನ್ನು ಆರಂಭಿಸಿದ್ದೇನೆ.